ಹಾಜರಿ ಪುಸ್ತಕ

ಸೀಗೆಹಟ್ಟಿಯ ಹಿಟ್ಟಿನ ಗಿರಣಿ ನಿಲ್ಲುವುದು ಏಳೂಕಾಲಿಗೆ.
ಆಮೇಲೆ ಅಟ್ಟದ ಕೋಣೆ ನಮ್ಮದು.
ತಿಂಗಳಿಗೆ ಆರುನೂರು ಬಾಡಿಗೆ, ಜೊತೆಗೆ
ಹಾಲೇಶಣ್ಣನ ಮಗಳ ಮದುವೆಗೆ ಬಿಟ್ಟಿ ಆರ್ಕೆಸ್ಟ್ರಾ.
ಮಗಳಿಗಿನ್ನೂ ಒಂಬತ್ತು ವರ್ಷ.
ಅಲ್ಲಿಯವರೆಗೆ ಒಟ್ಟಿಗಿರಬೇಕು ನಾವು,
ಮಾತು ಕೊಟ್ಟಾಗಿದೆ.

ಮಾತು ಬರೀ ಮಾತಾಗಿಯೇ ಇದ್ದರೆ ನನಗೆ ನಿದ್ದೆ ಬಾರದು.
ಹಗಲೆಲ್ಲ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ
ಅಣ್ಣತಮ್ಮಂದಿರ ಪಾಲುಪಟ್ಟಿ ನಕಲು ಮಾಡುವವನು,
ಚಕ್ಕುಬಂದಿ ಇಲ್ಲದ ಪ್ರೀತಿಯನ್ನು ನಂಬಿದವನಲ್ಲ.
ಅದಕ್ಕೇ ಕೊಂಡು ತಂದೆ ಒಂದು ಉದ್ದ ರಟ್ಟಿನ ಪುಸ್ತಕ,
ಗೆರೆ ಎಳೆದೆ ಕೆಂಪು ಶಾಯಿಯಲ್ಲಿ:
ಹಾ ಅಂದರೆ ಹಾಜರು. ಗೈ ಅಂದರೆ ಗೈರು.
ತಡವಾದರೆ ಕೆಳಗೊಂದು ಚುಕ್ಕಿ,
ಐದು ಚುಕ್ಕಿಗೆ ಎಲ್ಲರಿಗೂ ಬೋಂಡಾ.

ಜಬೀವುಲ್ಲಾನ ಸಾಲಲ್ಲಿ ಚುಕ್ಕಿಗಳದೇ ರಂಗೋಲಿ.
ಟೈಲ್ಸ್ ಅಂಗಡಿಯ ಶಟರ್ ಎಳೆದು, ಸಿಮೆಂಟಿನ ಕೈ ತೊಳೆದು
ಬಂದು ಕೂತ ಮೇಲೂ ಹತ್ತು ನಿಮಿಷ
ಡ್ರಮ್ಮಿನ ಮೇಲಿನ ಜೋಳದ ಹಿಟ್ಟು ಒರೆಸುತ್ತಾನೆ,
ಮಗುವಿನ ಮೂಗು ಒರೆಸಿದ ಹಾಗೆ.
ಧರಣೇಂದ್ರ ಹೊತ್ತು ಮುಳುಗುವ ಮುಂಚೆ ಉಂಡು ಬರುವವನು.
ಎಂಟೂವರೆಗೆ ನಮ್ಮ ಹೊಟ್ಟೆ ಕೂಗುವಾಗ
ಅವನ ಕೀಬೋರ್ಡಿಗೆ ಆಗಷ್ಟೇ ಬೆಳಗಾಗಿರುತ್ತದೆ:
"ಇನ್ನೊಂದ್ ಸಲ, ಮೊದಲಿಂದ."
ಫೆಲಿಕ್ಸ್ ಲೋಬೊ ಉತ್ತರ ಕೊಡುವುದು
ಬಾಯಲ್ಲಲ್ಲ, ವಾಲ್ಯೂಮಿನ ಗುಂಡಿಯಲ್ಲಿ.
ಇವನೊಂದು ಗೆರೆ ಏರಿಸಿದರೆ ಅವನೆರಡು.
ನಾನು? ಬೇಸ್ ಗಿಟಾರಿನ ನಾಲ್ಕು ತಂತಿ ಹಿಡಿದುಕೊಂಡು
ಗಡಿಯಾರ ನೋಡುತ್ತೇನೆ.

ಆ ಗುರುವಾರ ಆದದ್ದೂ ಅಷ್ಟೆ.
ಬೇಸಗೆ. ಫ್ಯಾನು ಹಾಕಿದರೆ ಹಿಟ್ಟು ಏಳುತ್ತದೆ,
ಹಾಕದಿದ್ದರೆ ಸಿಟ್ಟು.
ಗುಂಡಿ ಏರಿತು, ಗುಂಡಿ ಏರಿತು,
ಜಬೀವುಲ್ಲಾ ಒಂದು ಕೋಲು ಮುರಿದು ಇನ್ನೊಂದು ತೆಗೆದ,
ಕೆಳಗೆ ನೇತುಹಾಕಿದ್ದ ಜರಡಿಗಳೂ ತಾಳ ಹಾಕಿದವು.
ಎರಡನೇ ಚರಣದ ನಡುವೆ
ವನಮಾಲಾ ಹಾಡು ನಿಲ್ಲಿಸಿದಳು.

ನಿಲ್ಲಿಸಿದ್ದು ಯಾರಿಗೂ ತಿಳಿಯಲಿಲ್ಲ.
ಚರಣ ಮುಗಿಸಿದೆವು, ಪಲ್ಲವಿಗೆ ಬಂದೆವು,
ಇನ್ನೊಂದು ಸುತ್ತು ಹೊಡೆದೆವು,
ಎಷ್ಟು ಕೂಡಿ ಬಂತು ಇವತ್ತು, ಎಂದೂ ಅಂದುಕೊಂಡೆ.
ಅಷ್ಟರಲ್ಲಿ ಅವಳು ಮೈಕು ಮಡಿಲಲ್ಲಿಟ್ಟುಕೊಂಡು
ನನ್ನ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದಳು,
ವಾರ್ಡಿನಲ್ಲಿ ಜ್ವರದ ಪಟ್ಟಿ ಬರೆಯುವ ಕೈಬರಹದಲ್ಲಿ,
ಗುಂಡಗೆ, ಅವಸರವಿಲ್ಲದೆ.
"ಮೆಗ್ಗಾನಲ್ಲಿ ನೈಟ್ ಡ್ಯೂಟಿ. ಬರ್ತೀನಿ."
ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಆಮೇಲೆ ಸ್ಕೂಟಿ.

ತೆರೆದು ನೋಡಿದೆ.
ಜಬೀವುಲ್ಲಾ, ಗೈ. ಫೆಲಿಕ್ಸ್, ಗೈ. ಧರಣೇಂದ್ರ, ಗೈ.
ನನ್ನ ಹೆಸರಿನ ಮುಂದೆ
ಗೈ, ಅದರ ಕೆಳಗೊಂದು ಚುಕ್ಕಿ.
ತನ್ನ ಸಾಲು ಖಾಲಿ ಬಿಟ್ಟಿದ್ದಳು.
ವೈಟ್ನರ್ ಇತ್ತು ಜೇಬಲ್ಲಿ.
ದಾಖಲೆ ತಿದ್ದುವುದು ಅಪರಾಧ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಮುಂದಿನ ಗುರುವಾರ ಯಾರೂ ಯಾರಿಗೂ ಫೋನು ಮಾಡಲಿಲ್ಲ.
ಸುಮ್ಮನೆ ಗಾಡಿ ಓಡಿಸಿ, ತುಂಗೆಯ ಸೇತುವೆ ಮೇಲೆ ನಿಂತು,
ನೀರಿಗಿಂತ ಬಂಡೆಯೇ ಹೆಚ್ಚಿರುವುದ ನೋಡಿ
ವಾಪಸು ಬಂದರೆ ಅಟ್ಟದಲ್ಲಿ ದೀಪ.
ಜಬೀವುಲ್ಲಾ, ಹೊತ್ತಿಗೆ ಮುಂಚೆ! ಬೋಂಡಾ ಪೊಟ್ಟಣ ಬೇರೆ.
ಧರಣೇಂದ್ರ ತಿನ್ನದೆ ಪೊಟ್ಟಣದ ಕಾಗದ ಓದುತ್ತಿದ್ದಾನೆ.
ಫೆಲಿಕ್ಸ್ ತಂತಿ ಬಿಗಿಯುತ್ತಿದ್ದಾನೆ, ಆಗಲೇ ಬಿಗಿದಿದ್ದನ್ನು.
ಕ್ಷಮೆ ಗಿಮೆ ಯಾರೂ ಕೇಳಲಿಲ್ಲ.
ಅವಳು ಬಂದಳು. ಚೀಲದಿಂದ ಬಿಳಿ ಪ್ಲಾಸ್ಟರ್ ತೆಗೆದು,
ಹಲ್ಲಲ್ಲಿ ಕಚ್ಚಿ ಹರಿದು,
ಎರಡೂ ಗುಂಡಿಗಳನ್ನು ನಾಲ್ಕನೇ ಗೆರೆಗೆ ಅಂಟಿಸಿದಳು.
"ನೋವಾಯ್ತಾ?" ಅಂದಳು ಆಂಪ್ಲಿಫೈಯರಿಗೆ.

ಆವತ್ತು ಒಂದೇ ಹಾಡು, ಹನ್ನೊಂದು ಸಲ.
ಕೆಳಗಿಂದ ಹಾಲೇಶಣ್ಣ ಕೂಗಿದ:
"ಆ ಮೂರನೇದು ಚೆನ್ನಾಗಿತ್ತು ಕಣ್ರೋ,
ಅಲ್ಲಿಗೇ ಬಿಡಬಾರದಿತ್ತಾ?"

ಪ್ಲಾಸ್ಟರು ಇನ್ನೂ ಇದೆ, ಹಿಟ್ಟು ಹಿಡಿದು ಮಾಸಿದೆ.
ಒಂದರ ಅಂಚು ಸ್ವಲ್ಪ ಎದ್ದಿದೆ,
ಯಾರೋ ಉಗುರಲ್ಲಿ ಕೆರೆದ ಹಾಗೆ.
ಯಾರು, ಯಾವತ್ತು,
ನಾನು ಬರೆದಿಟ್ಟಿಲ್ಲ.